ಹಸಿರು ಗೆರೆಯ ಬೇಸಿಗೆ

ನಾನು ನಿಂತಿದ್ದದ್ದು ಕೋಲಾರದ ಹಳೇ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಅಮ್ಜದ್ ಅವರ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಹತ್ತುವ ಕಲ್ಲುಮೆಟ್ಟಿಲಿನ ತಿರುವಿನಲ್ಲಿ. ಎರಡು ಸಾವಿರದ ನಾಲ್ಕನೇ ಇಸವಿಯ ಮೇ ತಿಂಗಳು. ಹೊತ್ತು ಇಳಿದಿತ್ತು, ಕತ್ತಲಾಗಿರಲಿಲ್ಲ. ಕರೆಂಟ್ ಹೋಗಿ ಕೆಳಗಿನ ಕ್ಯಾಸೆಟ್ ಅಂಗಡಿ ಸುಮ್ಮನಾಗಿತ್ತು. ನನ್ನ ಬಲಗೈ ಕಬ್ಬಿಣದ ಕಂಬಿಯ ಮೇಲಿತ್ತು. ಎಡಗೈಯನ್ನು ಶೇಷಗಿರಿ ಮೇಷ್ಟ್ರು ಆಸರೆಗೆಂದು ಹಿಡಿದುಕೊಂಡಿದ್ದರು. ಆಗ ಮೇಲಿನ ಕೋಣೆಯಿಂದ ಶೇಷಗಿರಿ ಮೇಷ್ಟ್ರ ಧ್ವನಿ ಕೇಳಿಸಿತು.

ಮೇಷ್ಟ್ರಿಗೆ ಆಗ ಧ್ವನಿಯೇ ಇರಲಿಲ್ಲ. ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಗಂಟಲಿನ ಆಪರೇಷನ್ ಆಗಿತ್ತು. ಆಮೇಲೆ ಅವರಲ್ಲಿ ಉಳಿದದ್ದು ಬರೀ ಉಸಿರು. ಕಿವಿ ಬಾಯಿಗೆ ಹತ್ತಿರ ಕೊಟ್ಟರೆ ಮಾತ್ರ ಆ ಉಸಿರಿನಲ್ಲಿ ಮಾತು ಸಿಗುತ್ತಿತ್ತು. ಅಂಥವರು ನನ್ನ ಪಕ್ಕದಲ್ಲಿ ಬಾಯಿ ಮುಚ್ಚಿ ನಿಂತಿದ್ದಾಗ, ಅವರ ಧ್ವನಿ ಮೇಲಿನ ಕೋಣೆಯಲ್ಲಿ ಇಂಗ್ಲಿಷ್ ಓದುತ್ತಿತ್ತು. ಅವರು ನನ್ನ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದರು. ಅದರಿಂದ ತಿಳಿಯಿತು, ಅದು ನನ್ನೊಬ್ಬನ ಕಿವಿಯ ಭ್ರಮೆಯಲ್ಲ ಎಂದು.

ಕಳೆದ ತಿಂಗಳು ಕೋಲಾರಕ್ಕೆ ಹೋಗಿದ್ದೆ. ಬಸ್ ಇಳಿಯುವ ಹೊತ್ತಿಗೆ ಶ್ರೀನಿವಾಸಪುರದ ಕಡೆಯಿಂದ ಬಂದ ಮಾವಿನ ಲಾರಿಯೊಂದು ಪಕ್ಕದಲ್ಲಿ ನಿಂತಿತ್ತು. ಹುಲ್ಲು, ಸೊನೆ, ಬಿಸಿಲಿಗೆ ಕಾದ ತಾಡಪಾಲು ಮೂರೂ ಸೇರಿದ ಆ ವಾಸನೆ ಮೂಗಿಗೆ ಬಿದ್ದದ್ದೇ, ಕಾಲು ತಾನಾಗಿ ಹಿಂದಿನ ಬೀದಿಗೆ ತಿರುಗಿತು. ಇನ್‌ಸ್ಟಿಟ್ಯೂಟ್ ಈಗಿಲ್ಲ. ಮೆಟ್ಟಿಲು ಇದೆ. ಅಲ್ಲಿ ಸ್ವಲ್ಪ ಹೊತ್ತು ನಿಂತು ಬಂದೆ. ಬಂದಮೇಲೆ ಇದನ್ನು ಬರೆದಿಡಬೇಕು ಅನ್ನಿಸಿತು. ನಾನು ವಕೀಲರೊಬ್ಬರ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದವನು. ಕಂಡದ್ದು, ಕೇಳಿದ್ದು, ಊಹಿಸಿದ್ದು ಮೂರನ್ನೂ ಬೇರೆ ಬೇರೆ ಹೇಳಿ ಎಂದು ಅವರು ಪ್ರತಿಯೊಬ್ಬ ಸಾಕ್ಷಿಗೂ ಹೇಳುತ್ತಿದ್ದರು. ಹಾಗೆಯೇ ಹೇಳಲು ನೋಡುತ್ತೇನೆ.

ಅದೇ ವರ್ಷದ ಸಂಕ್ರಾಂತಿ ಕಳೆದ ಮೇಲೆ ಅಮ್ಜದ್ ಒಂದು ಕಂಪ್ಯೂಟರ್ ತಂದರು. ಟೈಪಿಂಗ್ ಕಲಿಯಲು ಬರುವವರು ಕಡಿಮೆಯಾಗಿದ್ದರು. ಸಾಲು ಯಂತ್ರಗಳು ಹೊದಿಕೆಯೊಳಗೇ ಇರುತ್ತಿದ್ದವು. ಕಂಪ್ಯೂಟರಿನ ಜೊತೆಗೆ ಬೆಂಗಳೂರಿನಿಂದ ಒಂದು ಸಾಫ್ಟ್‌ವೇರ್ ಬಂದಿತ್ತು. ಅದು ನಮ್ಮ ಇಂಗ್ಲಿಷ್ ಉಚ್ಚಾರಣೆಯನ್ನು ಕೇಳಿ ತಿದ್ದುತ್ತದೆ ಎಂದರು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಬಾಯಿಯ ಮುಂದಿನ ಮೈಕಿಗೆ ಪರದೆಯ ಮೇಲಿನ ವಾಕ್ಯ ಓದಬೇಕು. ಪರದೆಯಲ್ಲಿ ಮೊದಲೇ ಒಂದು ಕಪ್ಪು ಗೆರೆ ಏರಿಳಿಯುತ್ತಾ ಇರುತ್ತದೆ. ನಮ್ಮ ಮಾತು ಅದರ ಕೆಳಗೆ ಇನ್ನೊಂದು ಗೆರೆಯಾಗಿ ಮೂಡುತ್ತದೆ. ಎರಡೂ ಹೊಂದಿದರೆ ನಮ್ಮ ಗೆರೆ ಹಸಿರು, ಇಲ್ಲದಿದ್ದರೆ ಕೆಂಪು.

ನಾನು ದಿನವಿಡೀ ಇಂಗ್ಲಿಷಿನಲ್ಲಿ ಅರ್ಜಿ, ಅಫಿಡವಿಟ್ ಟೈಪ್ ಮಾಡುತ್ತಿದ್ದೆ, ಆದರೆ ಯಾರಾದರೂ ಇಂಗ್ಲಿಷಿನಲ್ಲಿ ಹೆಸರು ಕೇಳಿದರೆ ಬಾಯಿ ಒಣಗುತ್ತಿತ್ತು. ಅದಕ್ಕೇ ಸೇರಿದೆ. ಟೊಮ್ಯಾಟೊ ಮಂಡಿಯಲ್ಲಿ ವ್ಯಾಪಾರ ಮಾಡುತ್ತಿದ್ದ ಮುನಿವೆಂಕಟಪ್ಪ, ಉತ್ತರದ ಕಡೆಯ ಖರೀದಿದಾರರ ಜೊತೆ ಫೋನಿನಲ್ಲಿ ಮಾತಾಡಬೇಕೆಂದು ಸೇರಿದ. ಹೋಳೂರಿನಿಂದ ಇಬ್ಬರು ಅಂಗನವಾಡಿ ಶಿಕ್ಷಕಿಯರು ಬಂದರು. ಇವರಲ್ಲದೆ ನಾಗರತ್ನಮ್ಮ.

ನಾಗರತ್ನಮ್ಮನ ತವರು ಮುಳಬಾಗಿಲಿನ ಆಚೆ ಬೈರಕೂರು. ಮನೆಮಾತು ತೆಲುಗು. ಮದುವೆಯಾಗಿ ಕೋಲಾರಕ್ಕೆ ಬಂದು, ಗಂಡ ತೀರಿಕೊಂಡ ಮೇಲೆ ಮಾಲೂರಿನ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಿದ್ದರು. ಇಡೀ ಪಾಳಿ ನಿಂತೇ ಇರಬೇಕಾದ ಕೆಲಸ. ಕಾಲಿನ ನರಗಳು ಹಗ್ಗದ ಹಾಗೆ ಉಬ್ಬಿದ್ದವು. ಕಾರ್ಖಾನೆಯ ಟೆಲಿಫೋನ್ ಆಪರೇಟರ್ ಮಳೆಗಾಲದ ಹೊತ್ತಿಗೆ ಕೆಲಸ ಬಿಡುವವರಿದ್ದರು. ಬೆಂಗಳೂರಿನ ಹೆಡ್ ಆಫೀಸಿನವರು ಫೋನಿನಲ್ಲೇ ಪರೀಕ್ಷೆ ಮಾಡುತ್ತಾರೆ, ಇಂಗ್ಲಿಷ್ ನಿಭಾಯಿಸಿದವರಿಗೆ ಆ ಜಾಗ ಎಂದು ಮ್ಯಾನೇಜರ್ ಹೇಳಿದ್ದರು.

“ನಂಗೆ ಇಂಗ್ಲಿಷ್ ಮೇಲೆ ಆಸೆ ಇಲ್ಲ ಸಾರ್,” ಎಂದು ಮೊದಲ ದಿನವೇ ಅಮ್ಜದ್‌ಗೆ ಹೇಳಿದರು. “ಆ ಕುರ್ಚಿ ಮೇಲೆ ಆಸೆ. ನಿಲ್ಲೋ ಕೆಲಸ ಬಿಡು ಅಂತಾರೆ ಡಾಕ್ಟ್ರು. ಬಿಟ್ರೆ ನನ್ ಮಗಳಿಗೆ ಅನ್ನ ಅವರಿಕ್ತಾರಾ?”

ಮೊದಲು ಯಾರು ಓದಬೇಕು ಎಂಬ ಮಾತು ಬಂತು. ನಮ್ಮ ಕಡೆ ಅಂಗಡಿ ತೆರೆಯಲಿ, ಬೋರು ಕೊರೆಯಲಿ, ಹೊಸ ಲಾರಿ ಹೊರಡಲಿ, ಮೊದಲ ಕೈ ಒಳ್ಳೆಯವರದಾಗಬೇಕು.

“ಮಂಡೀಲಿ ಮೊದಲ್ನೇ ಬಾಕ್ಸ್ ಯಾರ ಕೈಲಿ ಏಳ್ತದೋ ಅವತ್ತಿನ ರೇಟೇ ಹಂಗೆ,” ಅಂದ ಮುನಿವೆಂಕಟಪ್ಪ. “ಕೈಗುಣ ಇದ್ದಂಗೆ ಬಾಯಿಗುಣಾನೂ ಇರ್ತದೆ ಸಾರ್. ಶೇಷಗಿರಿ ಮೇಷ್ಟ್ರ ಬಾಯಲ್ಲಿ ಬೋಣಿ ಮಾಡ್ಸಿ.”

ಎರಡನೇ ಮಾತಿಲ್ಲದೆ ಎಲ್ಲರೂ ಒಪ್ಪಿದರು. ಮೇಷ್ಟ್ರು ಮುಳಬಾಗಿಲಿನ ಹಳೆಯ ಪುರೋಹಿತರ ಮನೆತನದವರು, ಕೋಲಾರದಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾಗಿದ್ದರು. ಅರ್ಧ ಊರು ಅವರ ಶಿಷ್ಯರು. ಜರಿಯಂಚಿನ ಶಲ್ಯ ಹೊದ್ದು ಬಂದು, ಹೆಡ್‌ಫೋನನ್ನು ಟೋಪಿಯ ಹಾಗೆ ಎರಡೂ ಕೈಯಿಂದ ತಲೆಗೇರಿಸಿಕೊಂಡು, ಪರದೆಯ ಮೇಲಿನ ಪುಟವನ್ನು ಓದಿದರು. ಅವರ ಓದಿಗೊಂದು ನಡಿಗೆಯಿತ್ತು. ಅಲ್ಪವಿರಾಮ ಬಂದಲ್ಲಿ, ಕನ್ನಡಕ ಒರೆಸಿಕೊಳ್ಳುವಷ್ಟು ಹೊತ್ತು ನಿಲ್ಲುತ್ತಿದ್ದರು. ವಾಕ್ಯದ ಕೊನೆಯಲ್ಲಿ ಧ್ವನಿ ಎದೆಯೊಳಕ್ಕೆ ಇಳಿಯುತ್ತಿತ್ತು. ನಾವೆಲ್ಲ ಚಪ್ಪಾಳೆ ಹೊಡೆದೆವು.

ಆ ಪುಟ ಇದ್ದದ್ದು ಬೋಣಿಗಲ್ಲ. ಕಲಿಯಲು ಕೂರುವ ಪ್ರತಿಯೊಬ್ಬರೂ ತಮ್ಮ ಹೆಸರು ಬರೆದು ಅದನ್ನು ಓದಬೇಕು, ಯಂತ್ರ ಅವರವರ ಗಂಟಲಿಗೆ ಹೊಂದಿಕೊಳ್ಳುತ್ತದೆ ಎಂಬುದು ಅದನ್ನು ಮಾಡಿದವರ ಲೆಕ್ಕ. ಇದು ನಮಗೆ ಆಗ ಗೊತ್ತಿರಲಿಲ್ಲ. ಪ್ರತಿ ಸಂಜೆ ಕಂಪ್ಯೂಟರ್ ಹೊತ್ತಿಸಿದಾಗ ಹೆಸರು ಕೇಳುವ ಒಂದು ಚೌಕ ಬರುತ್ತಿತ್ತು. ಅದರಲ್ಲಿ ಇದ್ದದ್ದು ಮೇಷ್ಟ್ರ ಹೆಸರೊಂದೇ. ಅಮ್ಜದ್ ಭಕ್ತಿಯಿಂದ ಅದನ್ನೇ ಒತ್ತುತ್ತಿದ್ದರು. “ದೊಡ್ಡೋರ ಹೆಸರಿಂದ ಶುರುವಾಗ್ಲಿ,” ಎನ್ನುತ್ತಿದ್ದರು. ನಾವು ಅದನ್ನು ಬಾಗಿಲಿಗೆ ಕಟ್ಟಿದ ತೋರಣದಂತೆ ನೋಡಿದೆವು. ಆಮೇಲೆ ಒಬ್ಬೊಬ್ಬರಾಗಿ ಕೂರುತ್ತಿದ್ದೆವು, ಕೆಂಪು ಗೆರೆ ಬರುತ್ತಿತ್ತು.

“ನಾನು ಟೊಮ್ಯಾಟೊ ಅಂದ್ರೆ ಕೆಂಪು ಬರ್ತದೆ. ಅದು ಸರಿ ಬಿಡ್ರಪ್ಪ,” ಎಂದು ನಗುತ್ತಿದ್ದ ಮುನಿವೆಂಕಟಪ್ಪ. “ಗುಡ್ ಮಾರ್ನಿಂಗ್ ಅಂದ್ರೂ ಕೆಂಪೇ ಬಂದ್ರೆ ಹೆಂಗೆ?” ಆದರೂ ಅವನದು ದಪ್ಪ ಗಂಟಲು, ಆಗೊಮ್ಮೆ ಈಗೊಮ್ಮೆ ಹಸಿರು ಸಿಗುತ್ತಿತ್ತು. ನನಗೂ ಅಷ್ಟಿಷ್ಟು ಸಿಕ್ಕಿತು. ಹೆಂಗಸರಿಗೆ ಒಂದೂ ಸಿಗಲಿಲ್ಲ. ಅಂಗನವಾಡಿ ಶಿಕ್ಷಕಿಯರು, ತಮ್ಮ ನಾಲಿಗೆಯೇ ಸರಿಯಿಲ್ಲ ಎಂದುಕೊಂಡು ಶಿವರಾತ್ರಿಯ ಹೊತ್ತಿಗೆ ಬಿಟ್ಟರು.

ನಾಗರತ್ನಮ್ಮ ಬಿಡಲಿಲ್ಲ. ಮಾಲೂರಿನ ಬಸ್ ಇಳಿದು ಮನೆಗೂ ಹೋಗದೆ ನೇರ ಬರುತ್ತಿದ್ದರು. ಮೂಲೆಯಲ್ಲಿ ಪರದೆ ಬಟ್ಟೆ ಕಟ್ಟಿದ ಜಾಗದಲ್ಲಿ ಕಂಪ್ಯೂಟರ್ ಇತ್ತು. ಅಲ್ಲಿ ಕೂತು, ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು, ಒಂದೇ ವಾಕ್ಯವನ್ನು ತಿರುಗಿ ತಿರುಗಿ ಹೇಳುತ್ತಿದ್ದರು. ಯಾಕೆ ಕೆಂಪು ಬರುತ್ತದೆ ಎಂದು ಅವರು ಯಾರನ್ನೂ ಕೇಳಿದ್ದು ನಾನು ನೋಡಿಲ್ಲ. ಗೆರೆ ಎಲ್ಲಿ ಏರುತ್ತದೋ ಅಲ್ಲಿ ಏರಿದರು, ಎಲ್ಲಿ ಇಳಿಯುತ್ತದೋ ಅಲ್ಲಿ ಇಳಿದರು. ಏಪ್ರಿಲ್‌ನಲ್ಲಿ ಒಂದು ಸಂಜೆ ಅಮ್ಜದ್, “ಮಾಷಾ ಅಲ್ಲಾ! ನಾಗರತ್ನಮ್ಮಂಗೆ ಹಸಿರು ಬಂತು!” ಎಂದು ಕೂಗಿದರು. ಆಮೇಲೆ ಹಸಿರು ಬರುತ್ತಲೇ ಹೋಯಿತು. ನಾವು ಸಂತೋಷಪಟ್ಟೆವು. ಫ್ಯಾನಿನ ಸದ್ದು, ಕೆಳಗಿನ ಕ್ಯಾಸೆಟ್ ಅಂಗಡಿಯ ಹಾಡು, ಬಸ್ಸುಗಳ ಹಾರನ್ ಇವುಗಳ ನಡುವೆ ಪರದೆ ಬಟ್ಟೆಯ ಹಿಂದಿನಿಂದ ಗುಣುಗುಣು ಕೇಳಿಸುತ್ತಿತ್ತೇ ಹೊರತು ಧ್ವನಿ ಎಂಥದ್ದೆಂದು ಯಾರೂ ಕಿವಿಗೊಡಲಿಲ್ಲ.

ನಾನು ಮೆಟ್ಟಿಲ ಮೇಲೆ ನಿಂತ ಸಂಜೆ ಕರೆಂಟ್ ಹೋಗಿತ್ತು. ಕಂಪ್ಯೂಟರ್ ಯುಪಿಎಸ್ ಮೇಲೆ ನಡೆಯುತ್ತಿತ್ತು. ಕೋರ್ಟಿಗೆ ಬೇಸಿಗೆ ರಜೆ, ನಾನು ಬೇಗ ಹೊರಟಿದ್ದೆ. ಆಪರೇಷನ್ ಆದಮೇಲೆ ಮೊದಲ ಸಲ ಮನೆಯಿಂದ ಹೊರಬಿದ್ದಿದ್ದ ಮೇಷ್ಟ್ರು ಬೀದಿಯಲ್ಲಿ ಸಿಕ್ಕಿ, ತಾನೂ ಬರುತ್ತೇನೆಂದು ಸನ್ನೆ ಮಾಡಿದ್ದರು.

ನಾವು ಮೇಲೆ ಹೋದೆವು. ಅಮ್ಜದ್ ಧಡಕ್ಕನೆ ಎದ್ದರು. ಮೇಷ್ಟ್ರು ಕೈಯೆತ್ತಿ ಅವರನ್ನು ಸುಮ್ಮನಿರಿಸಿದರು. ಮುನಿವೆಂಕಟಪ್ಪ ಬೆಂಚಿನ ಮೇಲಿದ್ದ. ನಾನೇ ಪರದೆ ಬಟ್ಟೆ ಸರಿಸಿದೆ. ನಾಗರತ್ನಮ್ಮ ನಮಗೆ ಬೆನ್ನು ಮಾಡಿ ಓದುತ್ತಿದ್ದರು: “ದಿ ವೆದರ್ ಈಸ್ ಫೈನ್ ಟುಡೇ,” ನಿಂತರು, ಕನ್ನಡಕ ಒರೆಸಿಕೊಳ್ಳುವಷ್ಟು ಹೊತ್ತು, “ಬಟ್ ಇಟ್ ಮೇ ರೇನ್ ಇನ್ ದಿ ಈವ್ನಿಂಗ್.” ಕೊನೆಯ ಮಾತು ಎದೆಯೊಳಕ್ಕೆ ಇಳಿಯಿತು. ಗೆರೆ ಹಸಿರಾಯಿತು. ಅದು ಎಪ್ಪತ್ತು ದಾಟಿದ ಗಂಡಸಿನ ಧ್ವನಿ.

ನೆರಳು ಕಂಡು ತಿರುಗಿದರು. “ಅಯ್ಯೋ, ಮೇಷ್ಟ್ರೇ, ಯಾವಾಗ ಬಂದ್ರಿ?” ಅಂದರು. ಅದೂ ಅದೇ ಧ್ವನಿಯಲ್ಲಿ ಬಂತು. ನಮ್ಮ ಮುಖ ನೋಡಿ ಕೈಯಿಂದ ಬಾಯಿ ಮುಚ್ಚಿಕೊಂಡರು. ನನ್ನ ಮೈಯ ರೋಮ ಎದ್ದಿತ್ತು. ಇಷ್ಟು ವರ್ಷಗಳ ಮೇಲೆ ಬರೆಯುವಾಗಲೂ ಏಳುತ್ತದೆ.

ಮೇಷ್ಟ್ರು ನನ್ನ ಕಿವಿಗೆ ಬಾಯಿಟ್ಟರು. ಅವರ ಉಸಿರಿನ ಮಾತನ್ನು ನಾನು ಗಟ್ಟಿಯಾಗಿ ಹೇಳಿದೆ: “ಇದನ್ನ ಯಾರು ಕಲಿಸಿದ್ದು ಅಂತ ಕೇಳ್ತಿದ್ದಾರೆ.”

“ಮಿಷಿನ್ನೇ ಸಾರ್,” ಅಂದರು ಅಮ್ಜದ್. “ಖುದಾ ಕಸಮ್, ನಾನೇನೂ ಮುಟ್ಟಿಲ್ಲ.”

ಶುರುವಿನಿಂದ ತೋರಿಸು ಎಂದು ಮೇಷ್ಟ್ರು ಸನ್ನೆ ಮಾಡಿದರು. ಅಮ್ಜದ್ ಸಾಫ್ಟ್‌ವೇರ್ ಮುಚ್ಚಿ ಮತ್ತೆ ತೆರೆದರು. ಚೌಕ ಬಂತು, ಅದರಲ್ಲಿ ಮೇಷ್ಟ್ರ ಹೆಸರು. ಅಮ್ಜದ್ ಅವರ ಬೆರಳು ರೂಢಿಯಂತೆ ಅದರ ಕಡೆ ಹೋದಾಗ ಮೇಷ್ಟ್ರು ಅವರ ಮಣಿಕಟ್ಟು ಹಿಡಿದರು. ಬಗ್ಗಿ ಪರದೆಯ ಮೇಲಿದ್ದ ಇಂಗ್ಲಿಷನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ನಾವು ಯಾರೂ ಅದನ್ನು ಅಷ್ಟು ದಿನ ಓದಿರಲಿಲ್ಲ. ಆಮೇಲೆ ಹೊಸ ಹೆಸರಿನ ಜಾಗದಲ್ಲಿ ನಾಗರತ್ನಮ್ಮನ ಹೆಸರು ಬರೆಸಿ, ಆ ಪುಟವನ್ನು ಅವರಿಂದ ಸಹಜ ಧ್ವನಿಯಲ್ಲಿ ಓದಿಸಿದರು. ಪಾಠ ಶುರುವಾಯಿತು. ಮೊದಲ ವಾಕ್ಯಕ್ಕೇ ಹಸಿರು. ಮುನಿವೆಂಕಟಪ್ಪನನ್ನು ಅದೇ ಹೆಸರಿನಲ್ಲಿ ಕೂರಿಸಿದರು.

“ಯಪ್ಪೋ, ನಂದು ಪೂರಾ ಕೆಂಪಾಗೋಯ್ತಲ್ಲ!” ಅಂದ ಅವನು.

ಆ ಕಪ್ಪು ಗೆರೆ ಚೌಕದಲ್ಲಿ ಒತ್ತಿದ ಹೆಸರಿನವರ ಧ್ವನಿಯದು ಎಂದು ಎಲ್ಲರಿಗೂ ಆಗ ಅರ್ಥವಾಯಿತು. ಅಷ್ಟು ತಿಂಗಳು ಯಂತ್ರ ನಾಗರತ್ನಮ್ಮನಿಗೆ ಇಂಗ್ಲಿಷ್ ಕಲಿಸಿರಲಿಲ್ಲ, ಮೇಷ್ಟ್ರಾಗುವುದನ್ನು ಕಲಿಸಿತ್ತು.

ನಾಗರತ್ನಮ್ಮ ಅಮ್ಜದ್ ಕಡೆ ತಿರುಗಿದರು. “ಪರೀಕ್ಷೆ ಮುಂದಿನ ತಿಂಗಳ ಮೊದಲ್ನೇ ವಾರ ಅಂದವ್ರೆ ಸಾರ್. ಆವತ್ತು ಫೋನಲ್ಲಿ ಗಂಡಸಿನಂಗೆ ಮಾತಾಡ್ಬಿಟ್ರೆ ಏನ್ ಗತಿ?”

“ನಾಗರತ್ನಂ ಅಂತ ಹೇಳ್ಕೊಳಮ್ಮ,” ಅಂದ ಮುನಿವೆಂಕಟಪ್ಪ. “ತಮಿಳ್ನಾಡು ಕಡೆ ಗಂಡಸು ಅಂದ್ಕೊಂಡು ಕೆಲಸ ಕೊಡ್ತಾರೆ.”

“ನುವ್ವು ನೋರು ಮುಯ್ಯಿ,” ಎಂದು ನಾಗರತ್ನಮ್ಮ ತೆಲುಗಿನಲ್ಲಿ ಗದರಿಸಿದರು. ಬಾಯಿ ಮುಚ್ಚೆಂದದ್ದು. ಈ ಸಲ ಅವರ ಸ್ವಂತ ಧ್ವನಿ ಬಂತು, ಚೂಪಾಗಿ. ಮುನಿವೆಂಕಟಪ್ಪ ಕೈಮುಗಿದ. ಮೇಷ್ಟ್ರ ಭುಜ ಅಲುಗುತ್ತಿತ್ತು. ಅವರು ನಗುತ್ತಿದ್ದರು, ಸದ್ದಿಲ್ಲದೆ.

“ಸಾರ್, ನಿಮ್ಮ ಧ್ವನಿ ಅಳಿಸ್ಬೇಕಾ?” ಎಂದು ಅಮ್ಜದ್ ಅಂಜುತ್ತಾ ಕೇಳಿದರು. ಮೇಷ್ಟ್ರು ಪರದೆಯನ್ನು ನೋಡಿದರು. ಅವರ ಮನಸ್ಸಿನಲ್ಲಿ ಏನಿತ್ತೋ ನಾನು ಹೇಳಲಾರೆ. ಕಿವಿಗೆ ಬಂದ ಮಾತು ಇಷ್ಟು: “ಇರಲಿ ಬಿಡು. ದಿನಾ ನನ್ನ ಹೆಸರಲ್ಲಿ ಬೋಣಿ ಮಾಡೋದು ನಿಲ್ಲಿಸು.”

ಮರುದಿನ ನಾಗರತ್ನಮ್ಮ ತಮ್ಮ ಹೆಸರಿನಲ್ಲಿ ಕೂತರು. ಎಲ್ಲ ವಾಕ್ಯಕ್ಕೂ ಹಸಿರು. ಅನುಮಾನ ಬಂದು, ಬೇಕೆಂದೇ ಮಾತನ್ನು ತೊದಲಿದರು. ಹಸಿರು. ಮೂಗು ಹಿಡಿದುಕೊಂಡು ಹೇಳಿದರು. ಆಗಲೂ ಹಸಿರು. ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು.

“ಮೊನ್ನೆಗಂಟ ಇದು ಮೇಷ್ಟ್ರ ಮಾತು ಬಿಟ್ರೆ ಬೇರೆ ಮಾತೇ ಇಲ್ಲ ಅಂತಿತ್ತು. ಈಗ ನಾನು ಕೆಮ್ಮಿದ್ರೂ ಸೈ ಅಂತದೆ. ಎರಡೂ ನಂಗೆ ಬೇಡ,” ಅಂದರು. “ಆ ಕಡೆ ಫೋನ್ ಎತ್ತೋದು ಮನುಷ್ಯರು. ಮನುಷ್ಯರ ಕಿವೀಗೆ ತಿಳೀಬೇಕು.”

ದಾರಿ ಹೇಳಿದವರು ಅವರೇ. ಕೆಳಗೆ ಒಂದು ಫೋನ್ ಬೂತ್ ಇತ್ತು, ಮೇಲೆ ಇನ್‌ಸ್ಟಿಟ್ಯೂಟಿನ ಫೋನ್. ಅವರು ಬೂತಿನಿಂದ ಫೋನ್ ಮಾಡುವುದು, ನಾನು ಮೇಲೆ ರಿಸೀವರನ್ನು ಭುಜಕ್ಕೆ ಒತ್ತಿಕೊಂಡು, ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೆ ಟೈಪ್ ಮಾಡುವುದು. ಊಹಿಸಿ ತಿದ್ದಬಾರದು. ಹೊದಿಕೆ ತೆಗೆದು ಹಳೆಯ ಯಂತ್ರವೊಂದಕ್ಕೆ ಹೊಸ ರಿಬ್ಬನ್ ಹಾಕಿದೆ. ಮೇಷ್ಟ್ರು ಪಕ್ಕದಲ್ಲಿ ಕೂತು ಹಾಳೆ ನೋಡುತ್ತಿದ್ದರು. ಮೊದಲ ಸಂಜೆ ನಾನು ಟೈಪ್ ಮಾಡಿದ್ದರಲ್ಲಿ ಅರ್ಥವಾಗುವ ಸಾಲು ಒಂದೂ ಇರಲಿಲ್ಲ. ತಮ್ಮ ಧ್ವನಿಗೆ ಮರಳಿದ ಕೂಡಲೇ ನಾಗರತ್ನಮ್ಮ ತೆಲುಗಿನ ಓಟದಲ್ಲಿ ಓಡುತ್ತಿದ್ದರು; ಮಾತುಗಳು ಒಂದರ ಮೇಲೊಂದು ಬೀಳುತ್ತಿದ್ದವು. ನಿಧಾನ ಮಾಡಿ ಎಂದರೆ ಧ್ವನಿ ತಾನಾಗಿ ಮೇಷ್ಟ್ರ ಎದೆಗೆ ಇಳಿಯುತ್ತಿತ್ತು. ಎರಡರ ನಡುವೆ ಸಿಕ್ಕಿಕೊಂಡು, ಒಂದು ಸಂಜೆ ಬೂತಿನಿಂದ ಮೇಲೆ ಬಂದವರೇ ಗೋಡೆಗೆ ಹಣೆ ಒತ್ತಿ ನಿಂತರು.

ಮೇಷ್ಟ್ರು ನನ್ನನ್ನು ಹತ್ತಿರ ಕರೆದರು. ನಾನು ಅವರ ಮಾತನ್ನು ಹೇಳಿದೆ: “ನನ್ನ ಗಂಟಲು ಬಿಟ್ಟುಬಿಡು. ನನ್ನ ನಿಲುಗಡೆ ಇಟ್ಕೊ.”

ನಾಗರತ್ನಮ್ಮ ತಿರುಗಿ ನೋಡಿದರು. ಮತ್ತೆ ಮೆಟ್ಟಿಲಿಳಿದು ಬೂತಿಗೆ ಹೋದರು. ಫೋನ್ ಬಂತು. ಅವರದೇ ಸಣ್ಣ, ಗಟ್ಟಿ ಧ್ವನಿ. ಆದರೆ ನಿಲ್ಲಬೇಕಾದಲ್ಲಿ ನಿಂತು ಹೊರಡುತ್ತಿತ್ತು. ಆ ಹಾಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಸರಿಯಾಗಿ ಬಂತು.

ಆಮೇಲಿನ ದಿನಗಳು ಹೀಗೇ ನಡೆದವು. ಮಂಡಿಯ ಗದ್ದಲದ ನಡುವಿನಿಂದ ಮುನಿವೆಂಕಟಪ್ಪ ಫೋನ್ ಮಾಡಿ, ಬೇಕೆಂದೇ, “ಹಲೋ, ವಾಟ್, ವಾಟ್, ಸ್ಪೀಕ್ ಫಾಸ್ಟ್ ಮ್ಯಾನ್!” ಎಂದು ಕಿರುಚುತ್ತಿದ್ದ. ನಾಗರತ್ನಮ್ಮ, “ಪ್ಲೀಸ್ ಹೋಲ್ಡ್ ದಿ ಲೈನ್, ಸರ್,” ಎಂದು ಹೇಳಿ, ಮೌತ್‌ಪೀಸ್ ಮುಚ್ಚಿ ಅವನಿಗೆ ತೆಲುಗಿನಲ್ಲಿ ಒಂದೆರಡು ಮಾತು ಬಯ್ದು, ಮುಂದುವರಿಯುತ್ತಿದ್ದರು. ಮೊದಲ ಮಳೆ ಬಂದು ಹೋಯಿತು. ಮಾಡಿನ ಶೀಟಿನ ಮೇಲೆ ಹನಿ ಬಿದ್ದಾಗ ಫೋನಿನಲ್ಲಿ ಏನೂ ಕೇಳುತ್ತಿರಲಿಲ್ಲ. ಮಳೆಯಲ್ಲೂ ಕೇಳಿಸುವ ಹಾಗೆ ಹೇಳಬೇಕು ಎಂದು ಅವರು ಹಟ ಹಿಡಿದರು, ಹೇಳಿದರು.

ಪರೀಕ್ಷೆಯ ದಿನ ಬೆಳಿಗ್ಗೆ ನಾವು ನಾಲ್ವರೂ ಅಲ್ಲಿದ್ದೆವು. ಹೆಡ್ ಆಫೀಸಿಗೆ ಇನ್‌ಸ್ಟಿಟ್ಯೂಟಿನ ನಂಬರ್ ಕೊಟ್ಟಿದ್ದರು. ಮೋಡ ಕವಿದಿತ್ತು. ಅಮ್ಜದ್ ಫ್ಯಾನ್ ಆರಿಸಿ, ಕೆಳಗೆ ಹೋಗಿ ಕ್ಯಾಸೆಟ್ ಅಂಗಡಿಯವನನ್ನು ಬೇಡಿಕೊಂಡು ಬಂದಿದ್ದರು. ಕೂತುಕೊಳ್ಳಿ ಎಂದರೂ ನಾಗರತ್ನಮ್ಮ ಕೂರಲಿಲ್ಲ. ಫೋನ್ ಬಂತು.

ಹೆಸರು ಹೇಳಿದರು. ಯಾವ ವಿಭಾಗ, ಎಷ್ಟು ವರ್ಷ ಎಂದು ಹೇಳಿದರು. ಆ ಕಡೆಯಿಂದ ಒಬ್ಬ ಹೆಂಗಸಿನ ಧ್ವನಿ. ಮಾತು ನನಗೆ ಕೇಳಿಸಲಿಲ್ಲ. ಯಾವುದೋ ಲಾರಿಯ ಬಗ್ಗೆ ಸಂದೇಶ ಕೊಟ್ಟು, ತಿರುಗಿ ಹೇಳಲು ಕೇಳಿದರೆಂದು ತಿಳಿಯಿತು. ನಾಗರತ್ನಮ್ಮ ಶುರುಮಾಡಿದರು, ನಿಂತರು, ಮತ್ತೆ ಹೊರಟರು. ನಡುವಿನಲ್ಲಿ ಮುಖದ ಬಣ್ಣ ಹೋಯಿತು. ರಿಸೀವರನ್ನು ಕಿವಿಯಿಂದ ತೆಗೆದು ನೋಡಿದರು. ಲೈನ್ ಹೋಗಿತ್ತು. ತಾನಾಗಿ ಹೋಯಿತೋ, ಆ ಕಡೆಯವರು ಇಟ್ಟುಬಿಟ್ಟರೋ, ಇವತ್ತಿಗೂ ನನಗೆ ಗೊತ್ತಿಲ್ಲ.

“ಇರಮ್ಮ, ಅವರೇ ಮತ್ತೆ ಮಾಡ್ತಾರೆ,” ಅಂದರು ಅಮ್ಜದ್.

ಕಾದೆವು. ಬರಲಿಲ್ಲ.

“ಮಾಡಲ್ಲ ಸಾರ್,” ಅಂದರು ನಾಗರತ್ನಮ್ಮ. “ಅವ್ರಿಗೇನು, ಪಟ್ಟೀಲಿ ನನ್ ಕೆಳಗೆ ಇನ್ನೊಬ್ಬಳ ಹೆಸರಿರ್ತದೆ.” ಅಷ್ಟು ಹೇಳಿ ಡಯಲ್ ಮಾಡತೊಡಗಿದರು. ನಂಬರ್ ಎಲ್ಲಿಂದ ಬಂತೆಂದು ನಾನು ಕಣ್ಣಲ್ಲೇ ಕೇಳಿರಬೇಕು. “ದಿನಾ ನಾನು ಅಂಟಿಸೋ ಡಬ್ಬದ ಮೇಲೆಲ್ಲ ಅದೇ ಇರೋದು,” ಅಂದರು.

ಮೊದಲು ಬೇರೆ ಯಾರೋ ಎತ್ತಿದರು. ಅವರಿಗೆ ಏನು ಹೇಳಬೇಕೆಂದು ನಾವು ಯಾರೂ ಅಭ್ಯಾಸ ಮಾಡಿಸಿರಲಿಲ್ಲ. ನಾಗರತ್ನಮ್ಮ ತಮ್ಮ ಹೆಸರು ಹೇಳಿ, ಪರೀಕ್ಷೆ ಮಾಡುತ್ತಿದ್ದ ಮೇಡಮ್ ಬೇಕು ಎಂದು ಇಂಗ್ಲಿಷಿನಲ್ಲೇ ಕೇಳಿದರು. ಯಾಕೆ ಎಂದದ್ದಕ್ಕೆ ಉತ್ತರ ಕೊಟ್ಟರು. ಆಗುವುದಿಲ್ಲ ಎಂದಾಗ ಬಿಡದೆ ಮತ್ತೆ ಕೇಳಿದರು. ಮೇಷ್ಟ್ರು ಕುರ್ಚಿಯ ತೋಳು ಹಿಡಿದು ಮುಂದಕ್ಕೆ ಬಾಗಿದ್ದರು. ಲೈನ್ ಆ ಮೇಡಮ್‌ಗೆ ಸಿಕ್ಕಿತು.

“ಮೇಡಮ್, ದಿಸ್ ಈಸ್ ನಾಗರತ್ನ, ಫ್ರಮ್ ಮಾಲೂರ್. ದಿ ಲೈನ್ ವೆಂಟ್.” ನಿಂತರು. “ಐ ಹ್ಯಾವ್ ನಾಟ್ ಫಿನಿಶ್ಡ್.”

ಆಮೇಲೆ ಆ ಲಾರಿಯ ಸಂದೇಶವನ್ನು ಮೊದಲಿನಿಂದ ಹೇಳಿದರು, ಕೊನೆಯವರೆಗೆ. ಥ್ಯಾಂಕ್ಯೂ ಎಂದು, ಆ ಕಡೆಯವರು ಇಡುವವರೆಗೆ ಕಾದು, ರಿಸೀವರ್ ಇಟ್ಟರು. ಆಗ ಕೂತರು.

ಜೂನ್ ಮುಗಿಯುವ ಮೊದಲು ಅವರಿಗೆ ಟೆಲಿಫೋನ್ ಕೆಲಸ ಕೊಟ್ಟರು, ಮೊದಲು ತಾತ್ಕಾಲಿಕವಾಗಿ, ಆಮೇಲೆ ಖಾಯಂ ಆಗಿ.

ಅಂದು ಆ ಕೋಣೆಯಲ್ಲಿ ಇದ್ದವರಲ್ಲಿ ಶೇಷಗಿರಿ ಮೇಷ್ಟ್ರು ಈಗಿಲ್ಲ. ಅಮ್ಜದ್ ಇದ್ದಾರೆ, ಕೋಲಾರದಲ್ಲೇ, ಮಗಳ ಮನೆಯಲ್ಲಿ. ಕಣ್ಣು ಮಂಜಾಗಿದೆ, ನೆನಪು ಚೆನ್ನಾಗಿದೆ. ನಾಗರತ್ನಮ್ಮ ಮಾಲೂರಿನಲ್ಲಿದ್ದಾರೆ, ಇನ್ನೂ ಅದೇ ಕೆಲಸದಲ್ಲಿ. ಮುನಿವೆಂಕಟಪ್ಪ ಮಂಡಿಯಲ್ಲಿ ಸಿಗುತ್ತಾನೆ. ಅವತ್ತು ಫೋನಿನಲ್ಲಿ ನಾಗರತ್ನಮ್ಮ ‘ಐ ಹ್ಯಾವ್ ನಾಟ್ ಫಿನಿಶ್ಡ್’ ಎಂಬುದನ್ನು ಕಿರುಚಿ ಹೇಳಿದರು, ಕೆಳಗಿನ ಬೀದಿಗೂ ಕೇಳಿಸಿತು ಎಂದು ಅವನು ಎಲ್ಲರಿಗೂ ಹೇಳುತ್ತಾನೆ. ನಾನು ಅವರಿಂದ ಒಂದು ತೋಳಿನಷ್ಟು ದೂರದಲ್ಲಿದ್ದೆ. ಅವರು ಕಿರುಚಲಿಲ್ಲ.